ಗೋಲಿ ಲೂಪ್ ಸುತ್ತೋ ಮೊದಲೇ ಕಳಚಿ ಬೀಳ್ತಿದೆ, ಏನು ಮಾಡೋದು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಮಗಳು 9ನೇ ಕ್ಲಾಸು. ಪ್ರಚ್ಛನ್ನ ಶಕ್ತಿ ಚಲನಶಕ್ತಿ ಆಗೋದನ್ನ ತೋರಿಸೋಕೆ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಡೆಲ್ ಮಾಡ್ತಿದ್ದೀವಿ. ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಕೊಳವೆಯನ್ನ ಉದ್ದಕ್ಕೆ ಸೀಳಿ ಇಳಿಜಾರು ಮಾಡಿದೀವಿ, ಕೆಳಗೆ 30 ಸೆಂ.ಮೀ. ಎತ್ತರದ ಲೂಪ್. ಗೋಲಿ ಬಿಡೋದು 36 ಸೆಂ.ಮೀ. ಎತ್ತರದಿಂದ. ಲೂಪಿಗಿಂತ ಮೇಲಿಂದಾನೇ ಬಿಟ್ರೂ ತುದಿ ಮುಟ್ಟೋ ಮೊದಲೇ ಬಿದ್ದುಹೋಗುತ್ತೆ. ಗೋಲಿ ಹಗುರ ಆಯ್ತೇನೋ ಅಂತ ಸ್ಟೀಲ್ ಗುಂಡು ಹಾಕಿದ್ವಿ, ಅದೂ ಬಿತ್ತು.

ಉತ್ತರ (ಚಿತ್ರದುರ್ಗದಿಂದ)

ಸರ್, ತೂಕದ ಯೋಚನೆ ಬಿಟ್ಬಿಡಿ. ಎರಡೂ ಶಕ್ತಿಯ ಸೂತ್ರದಲ್ಲಿ ದ್ರವ್ಯರಾಶಿ ಇರೋದ್ರಿಂದ ಲೆಕ್ಕದಲ್ಲಿ ಅದು ಹೊಡೆದುಹೋಗುತ್ತೆ.

ತುದಿವರೆಗೆ ಏರಿದ್ರೆ ಸಾಲದು, ಅಲ್ಲೂ ಗೋಲಿಗೆ ವೇಗ ಉಳಿದಿರಬೇಕು. ಇಲ್ಲಾಂದ್ರೆ ಪಟ್ಟಿ ಬಿಟ್ಟು ಬೀಳುತ್ತೆ. ನಿಮ್ಮ ಲೂಪಿನ ತ್ರಿಜ್ಯ 15 ಸೆಂ.ಮೀ.; ತುದಿಯಲ್ಲಿ ಸೆಕೆಂಡಿಗೆ ಕನಿಷ್ಠ 1.2 ಮೀಟರ್ ವೇಗ ಬೇಕು. ಅದಕ್ಕೆ ತುದಿಗಿಂತ 7.5 ಸೆಂ.ಮೀ. ಮೇಲಿಂದ ಬಿಡಬೇಕು. ಇನ್ನೊಂದು ವಿಷಯ ಬಹಳ ಜನ ಮರೀತಾರೆ: ಗೋಲಿ ಜಾರಲ್ಲ, ಉರುಳುತ್ತೆ. ತನ್ನ ಸುತ್ತ ತಿರುಗೋಕೂ ಶಕ್ತಿ ತಗೊಳ್ಳುತ್ತೆ, ಗಟ್ಟಿ ಗುಂಡಿಗೆ ಅದು ಮುಂದೆ ಸಾಗೋ ಶಕ್ತಿಯ 2/5 ಭಾಗ. ಅದಕ್ಕೆ ಇನ್ನೂ 3 ಸೆಂ.ಮೀ. ಒಟ್ಟು 40.5. ತ್ರಿಜ್ಯದ 2.7 ಪಟ್ಟು ಅಂತ ನೆನಪಿಟ್ಕೊಳ್ಳಿ.

ಇದು ಘರ್ಷಣೆ ಇಲ್ಲದ ಲೆಕ್ಕ. ಫೋಮ್ ಮೆತ್ತಗೆ, ಗೋಲಿ ಹೋದಲ್ಲೆಲ್ಲ ಒಳಗೆ ತಗ್ಗುತ್ತೆ, ಅಲ್ಲೂ ಶಕ್ತಿ ಸೋರುತ್ತೆ. ಲೂಪಿಗೆ ಬೆರಳು ತಾಗಿಸಿಟ್ಟು ಗೋಲಿ ಬಿಟ್ಟು ನೋಡಿ. ಅದುರಿದ್ದು ಬೆರಳಿಗೆ ಗೊತ್ತಾದ್ರೆ, ಗೋಲಿಯ ಶಕ್ತಿ ಅಷ್ಟು ಲೂಪನ್ನ ಅಲ್ಲಾಡಿಸೋಕೇ ಖರ್ಚಾಯ್ತು ಅಂತ. ಲೂಪನ್ನ ಹಲಗೆಗೆ ಬಿಗಿಯಾಗಿ ಕಟ್ಟಿ. ಜೋಡಿಸಿರೋ ಕಡೆ ಟೇಪ್ ಒಳಗಿದ್ರೆ ತೆಗೆದು ಹೊರಗಿಂದ ಅಂಟಿಸಿ. ಆಮೇಲೆ 50ರಿಂದ ಬಿಡಿ.

ಉತ್ತರ (ಹೊಳಲ್ಕೆರೆಯಿಂದ)

ಮೇಲಿನವರು ಹೇಳಿದ್ದು ಸರಿ. ಚಾರ್ಟ್ ಬಗ್ಗೆ ಒಂದು ಮಾತು: "ಎತ್ತರದಲ್ಲಿದ್ರೆ ಪ್ರಚ್ಛನ್ನ, ಓಡಿದ್ರೆ ಚಲನ" ಅಂತ ಎರಡು ಖಾನೆ ಮಾಡಿಸಬೇಡಿ. ತಿರುಗೋ ಸೀಲಿಂಗ್ ಫ್ಯಾನಿನಲ್ಲಿ ಎರಡೂ ಇದೆ, ಲೂಪಿನ ತುದಿಯಲ್ಲಿರೋ ಗೋಲಿಯಲ್ಲೂ ಎರಡೂ ಇದೆ. ಮಕ್ಕಳು ಎಡವೋದು ಇಲ್ಲೇ. ಊರಿನ ಉದಾಹರಣೆ ಬೇಕಂದ್ರೆ ಭದ್ರಾ ಡ್ಯಾಂ ಬರೀಲಿ: ನಿಂತ ನೀರಿಗೆ ಪ್ರಚ್ಛನ್ನ ಶಕ್ತಿ, ಧುಮುಕಿದಾಗ ಚಲನಶಕ್ತಿ, ಟರ್ಬೈನ್ ದಾಟಿದ್ಮೇಲೆ ಕರೆಂಟು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬಾ ಧನ್ಯವಾದ. ಒಂದು ಜೋಡಣೆಯಲ್ಲಿ ಟೇಪ್ ಒಳಗೇ ಇತ್ತು, ಲೂಪೂ ಅದುರ್ತಿತ್ತು. ಎರಡನ್ನೂ ಸರಿಮಾಡಿ 52ರಿಂದ ಬಿಟ್ರೆ ಈಗ ತಪ್ಪದೆ ಸುತ್ತುತ್ತೆ, 45ರಿಂದ ಬಿಟ್ರೆ ಬೀಳುತ್ತೆ. ಅಂದ್ರೆ ಘರ್ಷಣೆಯ ಪಾಲು ಚೆನ್ನಾಗೇ ಇದೆ. ಮಗಳು ಇಳಿಜಾರಿನ ಪಕ್ಕ ಸ್ಕೇಲ್ ಅಂಟಿಸಿದ್ದಾಳೆ. 36, 40.5, 52 ಗುರುತು ಹಾಕಿ, ನೋಡೋಕೆ ಬಂದವರ ಕೈಲೇ ಗೋಲಿ ಬಿಡಿಸ್ತಾಳಂತೆ.