‘ಭೂಶಾಖ’ ಪದದ ವ್ಯಾಪ್ತಿ ಮತ್ತು ನೀರೆತ್ತದ ‘ಕೊಳವೆಬಾವಿ’

ಮಾನ್ಯರೇ,

ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯವು 2014ರಲ್ಲಿ ಕಲ್ಲಿದ್ದಲು ಉರಿಸುವುದನ್ನು ಪೂರ್ತಿ ಕೈಬಿಟ್ಟು, ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ನೆಲದಡಿಯ ಶಾಖದ ನೆರವಿನಿಂದ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇಡುತ್ತಿರುವ ಬಗೆಯನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಇಂಗ್ಲಿಷಿನ ‘ಜಿಯೋಥರ್ಮಲ್’ಗೆ ಬಳಸುವ ‘ಭೂಶಾಖ’. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯವಿಕ್ 1930ರಿಂದ ಕಟ್ಟಡಗಳಿಗೆ ಹಾಯಿಸುತ್ತಿರುವ ನೆಲದಡಿಯ ಬಿಸಿನೀರಿಗೆ, ಪ್ಯಾರಿಸ್ ಸುತ್ತಮುತ್ತ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳದಿಂದ ಎತ್ತುವ ನೀರಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಭೂಗರ್ಭದ ಬಿಸಿಯೇ ನೇರವಾಗಿ ಮೇಲೆ ಬರುತ್ತದೆ. ಇಂಡಿಯಾನಾದಲ್ಲಿ ಕೊರೆದಿರುವುದು ಸುಮಾರು 400–500 ಅಡಿ ಮಾತ್ರ. ಅಲ್ಲಿನ ನೆಲ ಬಿಸಿಯಾಗಿಲ್ಲ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ ಅಷ್ಟೇ. ಚಳಿಗಾಲದಲ್ಲಿ ‘ಹೀಟ್ ಪಂಪು’ ಎಂಬ ಯಂತ್ರ ಆ ನೆಲದಿಂದ ಶಾಖವನ್ನು ಎತ್ತಿ ಕೊಡುತ್ತದೆ. ಬೇಸಿಗೆಯಲ್ಲಿ ಕೋಣೆಗಳ ಶಾಖವನ್ನೇ ಹೀರಿ ನೆಲಕ್ಕೆ ಇಳಿಸುತ್ತದೆ. ಹೀಗಿರುವಾಗ ‘ಭೂಶಾಖದಿಂದ ತಂಪು’ ಎಂದರೆ ಓದುಗ ತಬ್ಬಿಬ್ಬಾಗದೆ ಇರಲಾರ. ಉತ್ತರ ಕರ್ನಾಟಕದವರು ಜೋಳವನ್ನು ನೆಲದಡಿ ಕಾಪಿಟ್ಟು ಬೇಕಾದಾಗ ತೆಗೆಯುತ್ತಿದ್ದ ಹಗೇವಿನ ಹಾಗೆ ಇಲ್ಲಿ ನೆಲವು ಶಾಖದ ಕಣಜವಾಗಿರುವುದರಿಂದ, ಈ ಬಗೆಯ ವ್ಯವಸ್ಥೆಗೆ ‘ಶಾಖದ ಹಗೇವು’ ಎಂದು ಬಳಸಬಹುದೆಂದು ನನಗೆ ತೋರುತ್ತದೆ. ಹಳೆಯ ಮೈಸೂರಿನ ಕಡೆಯ ಓದುಗರಿಗೆ ಅದು ವಿವರಣೆಯಿಲ್ಲದೆ ತಿಳಿದೀತೇ?

ಎರಡನೆಯದು ಹೆಚ್ಚು ತೊಡಕಿನದು: ಶಾಖಕ್ಕಾಗಿ ನೆಲದಲ್ಲಿ ಕೊರೆದ ಈ ಆಳದ ರಂಧ್ರವನ್ನು ಏನೆಂದು ಕರೆಯುವುದು? ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಥ ಸುಮಾರು 3,600 ರಂಧ್ರಗಳಿವೆ. ‘ಕೊಳವೆಬಾವಿ’ ಎಂದು ಬರೆದರೆ ಕೋಲಾರದ ರೈತರು ಮೊದಲು ಕೇಳುವುದೇ ಎಷ್ಟು ಇಂಚು ನೀರು ಬಿತ್ತೆಂದು. ಇಲ್ಲಿ ನೀರನ್ನು ಎತ್ತುವುದೇ ಇಲ್ಲ. ಕೊರೆದ ಮೇಲೆ, ತಳದಲ್ಲಿ ತಿರುವು ಪಡೆದು ಮತ್ತೆ ಮೇಲಕ್ಕೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಇಳಿಸಿ, ಸುತ್ತಲಿನ ಸಂದನ್ನು ಗಾರೆಯಂಥ ಮಿಶ್ರಣದಿಂದ ಮುಚ್ಚುತ್ತಾರೆ. ಕೊಳವೆಯೊಳಗೆ ಸುತ್ತುವ ನೀರು ಮಣ್ಣನ್ನು ಮುಟ್ಟದೆಯೇ ಶಾಖವನ್ನಷ್ಟೇ ಕೊಟ್ಟು ಪಡೆಯುತ್ತದೆ. ‘ಬಾವಿ’ ಎಂಬುದಕ್ಕೆ ನೀರಿನ ನಂಟು ಬಿಡದು. ‘ಕೊರೆತ’ ಕ್ರಿಯೆಯನ್ನೇ ಹೆಚ್ಚಾಗಿ ಸೂಚಿಸುತ್ತದೆ, ಕಡಲ್ಕೊರೆತವನ್ನೂ ನೆನಪಿಸುತ್ತದೆ. ‘ರಂಧ್ರ’ ಇಷ್ಟು ಆಳಕ್ಕೆ ಸಾಲದು. ಸದ್ಯಕ್ಕೆ ‘ಶಾಖದ ಬೋರು’ ಎಂದು ಬರೆದುಕೊಂಡಿದ್ದೇನೆ. ಬೋರು ಕೊರೆಯುವ ಲಾರಿಗಳಲ್ಲಿ ದುಡಿಯುವವರು, ಕೇಸಿಂಗ್ ಇಳಿಸುವ ಮುನ್ನ ಇರುವ ಬರಿಯ ಗುಂಡಿಗೆ ಬೇರೆ ಹೆಸರನ್ನೇನಾದರೂ ಬಳಸುತ್ತಾರೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.