ಅಪ್‌ಡೇಟ್: ದೊಡ್ಡಮ್ಮ ಇರೋ ವೃದ್ಧಾಶ್ರಮದ ವಿಷ್ಯ

ಮಠದವ್ರು ನಡೆಸೋ ಆಶ್ರಮದಲ್ಲಿ ನಮ್ ದೊಡ್ಡಮ್ಮಂಗೆ ಬೆಡ್ ಸೋರ್ (ಒಂದೇ ಕಡೆ ಮಲಗಿ ಮಲಗಿ ಆಗೋ ಹುಣ್ಣು) ಆಗಿದೆ, ಬೇರೆ ಕಡೆ ಶಿಫ್ಟ್ ಮಾಡ್ಲಾ ಅಂತ ಹೋದ್ ತಿಂಗ್ಳು ಕೇಳಿದ್ನಲ್ಲ, ಅದರ ಅಪ್‌ಡೇಟ್. ನೀವು ಹೇಳ್ದಂಗೆ ಭಾನುವಾರ ಬಿಟ್ಟು ವಾರದ ಮಧ್ಯೆ ಸಂಜೆ ಹೊತ್ತು ಹೇಳ್ದೆ ಕೇಳ್ದೆ ಹೋದೆ. ನೆಲ ಫಳಫಳ, ಭಜನೆ ಜೋರು, ಊಟ ನಿಜಕ್ಕೂ ಚೆನ್ನಾಗಿದೆ, ಆದ್ರೆ ಹಾಸಿಗೆ ಹಿಡಿದವ್ರ ರೂಮಲ್ಲಿ ಒಬ್ಬಳೇ ಆಯಾ, ಪಾಪ ಅವಳಾದ್ರೂ ಎಷ್ಟು ಜನರನ್ನ ಅಂತ ನೋಡ್ಕೋತಾಳೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಬೇಕಲ್ಲ ಆ ಚಾರ್ಟಲ್ಲಿ ಸಂಜೆ ಆರಕ್ಕೇ ರಾತ್ರಿ ಪೂರ್ತಿದೂ ಟಿಕ್ ಹಾಕಿಟ್ಟಿದ್ರು!! ಫೋಟೋ ತಗೊಂಡೆ.

ಮ್ಯಾನೇಜರ್ "ಇದು ಸೇವೆ ಸಾರ್, ಆಸ್ಪತ್ರೆ ಅಲ್ಲ" ಅಂದ್ರು. ತಿಂಗಳಾ ತಿಂಗಳಾ ದುಡ್ಡು ಎಣಿಸ್ಕೊಳೋವಾಗ ಸೇವೆ ಎಲ್ಲೋಗಿರುತ್ತೋ. ಟ್ರಸ್ಟಿಗೇ ಬರೆದು ಕೊಟ್ಟು, ಸರಿ ಹೋಗ್ದಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡ್ತೀನಿ ಅಂದ್ಮೇಲೆ ಏರ್ ಬೆಡ್ ಬಂತು, ನೈಟ್‌ಗೆ ಇನ್ನೊಬ್ಬ ಆಯಾನೂ ಬಂದ್ಲು. ಹಿಮ್ಮಡಿ ಗಾಯ ಒಣಗ್ತಿದೆ, ಸೊಂಟದ್ದು ಇನ್ನೂ ಹಸಿ.

ಶಿಫ್ಟ್ ಮಾತೆತ್ತಿದ್ರೆ ದೊಡ್ಡಮ್ಮ "ಏಕಾದಶಿ ಭಜನೆ ಬಿಟ್ಟು ಎಲ್ಲಿಗೂ ಬರಲ್ಲ ಹೋಗೋ" ಅಂತಾರೆ. ಜಯನಗರ ಕಡೆ ಇನ್ನೊಂದು ನೋಡಿದೀನಿ, ವೇಟಿಂಗ್ ಲಿಸ್ಟಲ್ಲಿ ಹೆಸರು ಬರೆಸಿದೀನಿ, ದೊಡ್ಡಮ್ಮಂಗೆ ಹೇಳಿಲ್ಲ ಅಷ್ಟೇ.