ಟವರ್ ಹೇಳಿದ್ದೊಂದು, ಪೈಲಟ್‌ಗೆ ಕೇಳಿಸಿದ್ದೊಂದು: ನಿವೃತ್ತ ಕಂಟ್ರೋಲರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೋರಣಗಲ್ಲು): ವಿದ್ಯಾನಗರದ ವಿಮಾನಗಳನ್ನು ನೋಡುತ್ತಲೇ ಬೆಳೆದ ಮಗಳು ಈಗ ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಏರ್ ಟ್ರಾಫಿಕ್ ಕಂಟ್ರೋಲರ್ ಆಗ್ತೀನಿ ಅಂತ ಹಠ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಕಂಟ್ರೋಲರ್ ಹೇಳಿದ್ದು ಪೈಲಟ್‌ಗೆ ತಪ್ಪಾಗಿ ಕೇಳಿಸಿ ಅಪಘಾತ ಆಗಿವೆ ಅಂತ ಓದಿದಾಗಿನಿಂದ ನನಗೆ ಭಯ. ಅಷ್ಟು ಸುಲಭವಾಗಿ ತಪ್ಪಾಗುತ್ತದಾ? ಇಂಗ್ಲಿಷ್ ಸರಿಯಿಲ್ಲದ್ದೇ ಕಾರಣಾನಾ?

ಉತ್ತರ: ರೇಡಿಯೋದಲ್ಲಿ ತಪ್ಪು ಕೇಳಿಸುವುದು ಹೊಸದೇನಲ್ಲ. ಅದಕ್ಕೇ ರೀಡ್‌ಬ್ಯಾಕ್ ಇರುವುದು. ರಾಯಚೂರು ಗಂಜ್‌ನಲ್ಲಿ ಹತ್ತಿ ರೇಟನ್ನು ಫೋನಿನಲ್ಲಿ ಕೇಳಿ, ಅದನ್ನೇ ವಾಪಸ್ ಹೇಳಿ ಖಚಿತ ಮಾಡಿಕೊಳ್ಳುತ್ತಾರಲ್ವಾ, ಹಾಗೆ. ಎತ್ತರ, ದಿಕ್ಕು, ವೇಗ, ರನ್‌ವೇ ನಂಬರ್ ಯಾವುದನ್ನೇ ಹೇಳಿದರೂ ಪೈಲಟ್ ತಿರುಗಿ ಹೇಳಲೇಬೇಕು. ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ಬಹಳಷ್ಟು ಸಲ ಎಡವಟ್ಟಾಗುವುದು ಈ ಎರಡನೇ ಕೆಲಸದಲ್ಲಿ.

ಒಂದು ಉದಾಹರಣೆ ನೋಡಿ. ಕಂಟ್ರೋಲರ್: "ಫೋರ್ ಟೂ ಫೈಫ್, ಡಿಸೆಂಡ್ ಟು ಫ್ಲೈಟ್ ಲೆವೆಲ್ ಒನ್ ಫೈಫ್ ಝೀರೋ." ಅಂದರೆ 425 ನಂಬರಿನ ವಿಮಾನ 15,000 ಅಡಿಗೆ ಇಳಿಯಲಿ (ರೇಡಿಯೋದಲ್ಲಿ ಫೈವ್‌ಗೆ ಫೈಫ್, ತ್ರೀಗೆ ಟ್ರೀ ಅನ್ನುತ್ತಾರೆ). ಪೈಲಟ್‌ಗೆ ನಿನ್ನೆ, ಮೊನ್ನೆ ಇದೇ ದಾರಿಯಲ್ಲಿ 13,000 ಸಿಕ್ಕಿರುತ್ತದೆ. ಇವತ್ತೂ ಅದೇ ಅಂತ ಅವರ ಕಿವಿ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. "ಒನ್ ಟ್ರೀ ಝೀರೋ, ಫೋರ್ ಟೂ ಫೈಫ್" ಅನ್ನುತ್ತಾರೆ. ಕಂಟ್ರೋಲರ್ ಅಷ್ಟರಲ್ಲಿ ಇನ್ನೊಂದು ವಿಮಾನದ ಲೆಕ್ಕದಲ್ಲಿ ಇರುತ್ತಾರೆ. ತಾವು ಹೇಳಿದ್ದೇ ವಾಪಸ್ ಬಂತು ಅಂದುಕೊಂಡು ಮುಂದೆ ಹೋಗುತ್ತಾರೆ. 14,000ದಲ್ಲಿ ಎದುರಿಂದ ಇನ್ನೊಂದು ವಿಮಾನ ಬರುತ್ತಿದ್ದರೆ? ಇಲ್ಲಿ ಇಬ್ಬರ ಇಂಗ್ಲಿಷೂ ಚೆನ್ನಾಗಿಯೇ ಇದೆ. ಇಬ್ಬರೂ ಕೇಳಿದ್ದು ತಾವು ನಿರೀಕ್ಷಿಸಿದ್ದನ್ನು.

ಪ್ರಶ್ನೆ (ಗಂಗಾವತಿ): ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿಯಾದಾಗ ಆಗಿದ್ದೂ ಇದೇ ಅಲ್ವಾ?

ಉತ್ತರ: ಹತ್ತಿರದ್ದೇ, ಆದರೆ ಅಲ್ಲಿ ಭಾಷೆಯ ತೊಂದರೆಯೂ ಸೇರಿತ್ತು. 1996ರ ನವೆಂಬರ್ 12. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಜಕಸ್ತಾನ್ ವಿಮಾನಕ್ಕೆ 15,000 ಅಡಿ ಕೊಟ್ಟಿದ್ದರು. ಎದುರು ವಿಮಾನ 14,000ದಲ್ಲಿದೆ ಅಂತ ಕಜಕಸ್ತಾನ್ ವಿಮಾನಕ್ಕೆ ಕಂಟ್ರೋಲರ್ ತಿಳಿಸಿಯೂ ಇದ್ದರು. ಆದರೂ ಅದು 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಎರಡೂ ವಿಮಾನದಲ್ಲಿದ್ದ 349 ಜನರೂ ಹೋದರು. ಆ ಸಂಖ್ಯೆ ಬರೆಯುವಾಗ ಇವತ್ತಿಗೂ ಸಂಕಟವಾಗುತ್ತದೆ. ಕಜಕಸ್ತಾನ್ ವಿಮಾನದಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದವರು ಬೇರೆ, ವಿಮಾನ ಹಾರಿಸುತ್ತಿದ್ದವರು ಬೇರೆ. ಸಿಬ್ಬಂದಿಗೆ ಇಂಗ್ಲಿಷ್ ಸಾಲದೇ ಇದ್ದದ್ದನ್ನೂ ತನಿಖೆ ಒಂದು ಕಾರಣವಾಗಿ ಎತ್ತಿ ಹೇಳಿತು. ಆಮೇಲೆಯೇ ನಮ್ಮಲ್ಲಿ ಡಿಕ್ಕಿ ತಪ್ಪಿಸಲು ಎಚ್ಚರಿಸುವ ಟಿಕ್ಯಾಸ್ ಉಪಕರಣ ಕಡ್ಡಾಯವಾಯಿತು. ದೆಹಲಿಯಲ್ಲಿ ಬರುವ, ಹೋಗುವ ದಾರಿಗಳೂ ಬೇರೆಯಾದವು.

ಪ್ರಶ್ನೆ (ಮಾನ್ವಿ): ಇಬ್ಬರು ಒಟ್ಟಿಗೇ ಮಾತಾಡಿದರೆ ಏನಾಗುತ್ತದೆ?

ಉತ್ತರ: ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು ಸಾಗುತ್ತದೆ. ಇಬ್ಬರು ಬಟನ್ ಒತ್ತಿದರೆ ಉಳಿದವರಿಗೆ ಬರೀ ಕಿರ್ರ್ ಅನ್ನುವ ಸದ್ದು. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ದ್ವೀಪ ಟೆನೆರಿಫ್‌ನಲ್ಲಿ, ದಟ್ಟ ಮಂಜಿನಲ್ಲಿ, ಕೆಎಲ್‌ಎಮ್ ವಿಮಾನ ಟೇಕ್ ಆಫ್‌ಗೆ ಹೊರಟಿತ್ತು. ಕಂಟ್ರೋಲರ್ "ಓಕೆ" ಅಂದರು. ಅದರ ಬೆನ್ನಿಗೇ ಅವರು "ನಿಲ್ಲಿ, ನಾನು ಕರೆಯುತ್ತೇನೆ" ಅಂದದ್ದೂ, ಇನ್ನೊಂದು ವಿಮಾನವಾದ ಪ್ಯಾನ್ ಆ್ಯಮ್‌ನವರು "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂದದ್ದೂ ಒಂದರ ಮೇಲೊಂದು ಬಿದ್ದವು. ಕೆಎಲ್‌ಎಮ್ ಕಾಕ್‌ಪಿಟ್‌ಗೆ ಚೆನ್ನಾಗಿ ಕೇಳಿಸಿದ್ದು "ಓಕೆ" ಒಂದೇ. ಎರಡೂ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಈಗ ಅನುಮತಿ ಕೊಡುವಾಗ ಅಥವಾ ಅದನ್ನು ವಾಪಸ್ ಪಡೆಯುವಾಗ ಬಿಟ್ಟರೆ ಕಂಟ್ರೋಲರ್ "ಟೇಕ್ ಆಫ್" ಅನ್ನುವುದಿಲ್ಲ, "ಡಿಪಾರ್ಚರ್" ಅನ್ನುತ್ತಾರೆ. "ಓಕೆ" ಅನ್ನುವ ಅಭ್ಯಾಸವನ್ನು ಟ್ರೇನಿಂಗ್‌ನಲ್ಲೇ ಬಿಡಿಸಬೇಕು. ಅದು ಒಪ್ಪಿಗೆಯೋ, ಕೇಳಿಸಿತು ಅನ್ನುವುದೋ ಗೊತ್ತಾಗುವುದಿಲ್ಲ.

ಪ್ರಶ್ನೆ (ಮತ್ತೆ ತೋರಣಗಲ್ಲು): ಹಾಗಾದರೆ ಮಗಳಿಗೆ ಏನು ಹೇಳಲಿ?

ಉತ್ತರ: ಧೈರ್ಯವಾಗಿ ಓದಿಸಿ. ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡೂ ಇವೆಯಾ ಅಂತ ಮೊದಲು ನೋಡಿಕೊಳ್ಳಿ. ಏರ್‌ಪೋರ್ಟ್ಸ್ ಅಥಾರಿಟಿಯ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ, ಅಂದರೆ ಕಂಟ್ರೋಲರ್ ಆಗಿ ಸೇರುವ ಹುದ್ದೆಗೆ, ಅವು ಬೇಕು. ಪರೀಕ್ಷೆ ಆದ ಮೇಲೆ ವಾಯ್ಸ್ ಟೆಸ್ಟ್ ಇರುತ್ತದೆ. ಭಾಷೆಗೆ ಅಂತರರಾಷ್ಟ್ರೀಯ ಅಳತೆಯಲ್ಲಿ 6 ಹಂತ. ಕೆಲಸಕ್ಕೆ ಕನಿಷ್ಠ 4ನೇ ಹಂತ ಬೇಕು. 4ರಲ್ಲಿದ್ದವರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ. ನಮ್ಮ ಕಡೆಯ ಉಚ್ಚಾರಣೆ ಇದ್ದರೆ ಫೇಲ್ ಮಾಡುವುದಿಲ್ಲ, ಕೇಳುವವರಿಗೆ ಅರ್ಥವಾಗಬೇಕು ಅಷ್ಟೇ. ಕನ್ನಡ ಮೀಡಿಯಂ ಮಕ್ಕಳು ಸುಮ್ನೆ ಇದಕ್ಕೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರ.

ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಿ. ನೀವು ನಂಬರ್‌ಗಳನ್ನು ಬಿಡಿಬಿಡಿಯಾಗಿ ಓದಿ, ಅವಳು ತಿರುಗಿ ಹೇಳಲಿ. ಆಮೇಲೆ ಅದಲು ಬದಲು ಮಾಡಿ: ಅವಳು ಓದಲಿ, ನೀವು ನಡುನಡುವೆ ಬೇಕಂತಲೇ ಒಂದು ಅಂಕಿ ತಪ್ಪು ಹೇಳಿ. ಅವಳು ಹಿಡಿಯುತ್ತಾಳಾ ನೋಡಿ. ಟಿವಿ ಆನ್ ಇರಲಿ, ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿರಲಿ.